‘ಹ್ಯಾಪಿ ಮೊಹರಂ’ ಎಂದರೆ ಕೆಲವರಿಗೆ ಬೇಸರವಾಗುವುದೇಕೆ?

ಮೊಹರಂ ಬಂದರೆ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಮೊಬೈಲುಗಳಿಗೂ ಎರಡು ಬಗೆಯ ಸಂದೇಶ ಬರುತ್ತವೆ. ಒಂದು, ಹೂವಿನ ಚಿತ್ರದ ‘ಹ್ಯಾಪಿ ಮೊಹರಂ’. ಇನ್ನೊಂದು, ‘ಇದು ಶೋಕದ ದಿನ, ಮುಸ್ಲಿಮರಿಗೆ ಶುಭಾಶಯ ಹೇಳಿದರೆ ಅವಮಾನ’. ಎರಡನೆಯದನ್ನು ನಾವು ಅರ್ಧ ಸತ್ಯ ಎನ್ನುತ್ತೇವೆ.

ಮೊಹರಂ ಎಂಬುದು ಇಸ್ಲಾಮಿ ಪಂಚಾಂಗದ ಮೊದಲ ತಿಂಗಳು. ಅದರ ಮೊದಲ ದಿನ ಹೊಸ ವರ್ಷ. ಅಂದು ಶುಭ ಕೋರುವವರು ಮುಸ್ಲಿಮರಲ್ಲೇ ಇದ್ದಾರೆ. ಹತ್ತನೆಯ ದಿನದ ಮಾತೇ ಬೇರೆ. ಕ್ರಿ.ಶ. 680ರಲ್ಲಿ ಆ ದಿನ ಪ್ರವಾದಿ ಮಹಮ್ಮದರ ಮೊಮ್ಮಗ ಹುಸೇನರು ಕರ್ಬಲಾದಲ್ಲಿ ಹತರಾದರು. ಶಿಯಾಗಳಿಗೆ ಅದು ಎದೆ ಬಡಿದುಕೊಂಡು ಅಳುವ ದಿನ. ಸುನ್ನಿಗಳಲ್ಲಿ ಹಲವರು ಉಪವಾಸ ಇರುತ್ತಾರೆ. ಶೋಕದಲ್ಲಿರುವವರಿಗೆ ಅಂದಿನ ‘ಹ್ಯಾಪಿ’, ಸಾವಾದ ಮನೆಗೆ ಹೋಗಿ ಶುಭ ಹಾರೈಸಿದಂತೆ ಕೇಳಿಸುತ್ತದೆ.

ಹಾಗೆಂದು ಕಳಿಸಿದವರಿಗೆ ಕೆಟ್ಟ ಮನಸ್ಸಿತ್ತು ಎನ್ನಲಾಗದು. ನಮ್ಮ ಕಡೆ ಇದು ಊರಿನ ಹಬ್ಬ. ಪಂಜಾ ಕೂರಿಸುತ್ತಾರೆ, ಚೊಂಗ್ಯಾ ಮಾಡುತ್ತಾರೆ, ಹೆಜ್ಜೆ ಮೇಳದಲ್ಲಿ ಜಾತಿ ಕೇಳದೆ ಕುಣಿಯುತ್ತಾರೆ. ಸವದತ್ತಿ ತಾಲ್ಲೂಕಿನ ಹಿರೇಬೂದನೂರಿನಲ್ಲಿ ಮುಸ್ಲಿಂ ಕುಟುಂಬವೇ ಇಲ್ಲದಿದ್ದರೂ ಹಿಂದೂಗಳು ಮೊಹರಂ ಆಚರಿಸುವುದು 2022ರಲ್ಲಿ ಸುದ್ದಿಯಾಗಿತ್ತು. ಮೊಹರಂ ಪದಗಳಲ್ಲಿ ಕರ್ಬಲಾದ ಸಾವಿನ ಕಥೆಯೇ ಇರುತ್ತದೆ, ಅದನ್ನು ಹಾಡುತ್ತಲೇ ಕುಣಿತವೂ ನಡೆಯುತ್ತದೆ. ಅಳುವನ್ನೂ ಕುಣಿತವನ್ನೂ ಸೇರಿಸಿ ‘ಹಬ್ಬ’ ಎನ್ನುವುದು ಇಲ್ಲಿನ ರೂಢಿ. ಎಲ್ಲೋ ತಯಾರಾಗಿ, ಎಲ್ಲ ಹಬ್ಬಕ್ಕೂ ಒಂದೇ ‘ಹ್ಯಾಪಿ’ ಅಂಟಿಸಿಕೊಂಡು ಬರುವ ಚಿತ್ರಕ್ಕೆ ಇದೆಲ್ಲ ಗೊತ್ತಿಲ್ಲ.

ಹತ್ತನೆಯ ದಿನ ಪರಿಚಯದವರಿಗೆ ಏನಾದರೂ ಬರೆಯಬೇಕೆನಿಸಿದರೆ, ‘ಪಂಜಾ ನೋಡಾಕ ಬರ್ತೀವ್ರಿ’ ಎಂದರೆ ಸಾಕು.