ಮೂರು ಗಂಟೆ ಹತ್ತು ನಿಮಿಷ

ಪೆರುಂಗುಡಿಯಲ್ಲಿ ಗುಡ್ಡ ಇಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಮುಂದಿನ ಜಗಳವೆಲ್ಲ ಇದರಿಂದಲೇ ಹುಟ್ಟಿದ್ದು. ಪೂರ್ವಕ್ಕೆ ಸಮುದ್ರ, ಪಶ್ಚಿಮಕ್ಕೆ ಪಳ್ಳಿಕರಣೈ ಜೌಗು, ನಡುವೆ ಹಳೆ ಮಹಾಬಲಿಪುರಂ ರಸ್ತೆ, ಅದರ ಎರಡೂ ಬದಿಗೆ ಗಾಜಿನ ಆಫೀಸುಗಳು. ಓಡುವವನಿಗೆ ಏರು ಬೇಕೆಂದರೆ ಫ್ಲೈಓವರೇ ಗತಿ. ಬೆಳಗಿನ ಐದು ಗಂಟೆಗೆ ಅದನ್ನೇ ಎಂಟು ಸಲ ಹತ್ತಿ ಇಳಿದು ‘ಇವತ್ತು ಹಿಲ್ ಟ್ರೈನಿಂಗ್ ಆಯ್ತು’ ಅಂತ ಹೇಳಿಕೊಳ್ಳುವವರ ಪೈಕಿ ನಾನೂ ಒಬ್ಬ.

ಹೀಗೆ ಓಡುವ ನಾವು ಐದಾರು ಮಂದಿ ಕನ್ನಡದವರು. ಸುಳ್ಯದವನೊಬ್ಬ, ಹಾಸನದವರಿಬ್ಬರು, ಸಾಗರದವನೊಬ್ಬ. ವರ್ಷಕ್ಕೆರಡು ಸಲ ಶುಕ್ರವಾರ ರಾತ್ರಿ ಬಸ್ಸು ಹತ್ತಿ ಕುಕ್ಕೆ ಸುಬ್ರಹ್ಮಣ್ಯಕ್ಕೆ ಹೋಗಿ, ಅಲ್ಲಿಂದ ಕುಮಾರಪರ್ವತ ಓಡಿ ಹತ್ತುವುದು ನಮ್ಮ ಚಟವಾಗಿತ್ತು. 1712 ಮೀಟರ್ ಎತ್ತರದ ಬೆಟ್ಟ, ಹದಿಮೂರು ಕಿಲೋಮೀಟರಿನ ಹಾದಿ. ಮೊದಲು ಕಾಡು, ಆಮೇಲೆ ಗಿರಿಗದ್ದೆ, ಅದರಾಚೆ ಬೋಳು ಹುಲ್ಲುಗಾವಲು, ಕಲ್ಲುಮಂಟಪ, ಶೇಷಪರ್ವತ. ನನ್ನ ಅತ್ಯುತ್ತಮ ಸಮಯ ಮೂರು ಗಂಟೆ ಹತ್ತು ನಿಮಿಷ. ಗಡಿಯಾರದಲ್ಲಿ ಇನ್ನೂ ಇದೆ.

2024ರ ಜನವರಿಯಲ್ಲಿ, ಗಣರಾಜ್ಯೋತ್ಸವದ ರಜೆಗೆ ಸಾವಿರಾರು ಜನ ಒಟ್ಟಿಗೇ ಆ ಬೆಟ್ಟಕ್ಕೆ ನುಗ್ಗಿದರು. ಚೆಕ್‌ಪೋಸ್ಟಿನ ಮುಂದೆ ಜಾತ್ರೆ ಥರ ನಿಂತ ಸಾಲಿನ ವಿಡಿಯೋ ನೀವೂ ನೋಡಿರುತ್ತೀರಿ. ಸರ್ಕಾರ ಚಾರಣ ನಿಲ್ಲಿಸಿತು. ಆಮೇಲೆ ಆನ್‌ಲೈನ್ ಬುಕಿಂಗ್ ಬಂತು, ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಬಂತು. ನಮ್ಮ ಗುಂಪಿನಲ್ಲಿ ಕೋಪವೋ ಕೋಪ. ‘ನಮ್ಮೂರ ಬೆಟ್ಟಕ್ಕೆ ನಾವೇ ಟಿಕೆಟ್ ತಗೋಬೇಕಾ?’ ಎಂದ ಸುಳ್ಯದವನು. ‘ನಾವೇನು ಪ್ಲಾಸ್ಟಿಕ್ ಎಸೀತೀವಾ, ಡಿಜೆ ಹಾಕ್ತೀವಾ? ಓಡಿ ಹತ್ತಿ ಓಡಿ ಇಳೀತೀವಿ. ಓಡೋರಿಗೆ ವಿನಾಯ್ತಿ ಕೊಡಬೇಕು.’

ಈ ಮಾತಿನ ವಿರುದ್ಧ ನಾನು ಬರೆಯುತ್ತಿರುವುದು. ನಾನೂ ಇದೇ ಮಾತನ್ನು ಆಡಿದವನಾದ್ದರಿಂದ ಸ್ವಲ್ಪ ಜೋರಾಗಿಯೇ ಬರೆಯುತ್ತೇನೆ.

ಮೊದಲು ಆ ‘ನಮ್ಮೂರು’. ವರ್ಷಕ್ಕೆ ನಾಲ್ಕು ದಿನ ಹೋಗುವವನಿಗೆ ಅದು ಯಾವ ಲೆಕ್ಕದಲ್ಲಿ ನಮ್ಮೂರು? ಗಿರಿಗದ್ದೆಯಲ್ಲಿ ಬಂದವರಿಗೆಲ್ಲ ಅನ್ನ ಸಾರು ಬಡಿಸುವ ಮನೆಯಿದೆ. ಅಲ್ಲಿ ಕೂತು ಉಣ್ಣುವಷ್ಟು ಪುರುಸೊತ್ತೂ ನಮಗೆ ಇರಲಿಲ್ಲ, ಗಡಿಯಾರ ಓಡುತ್ತಿರುತ್ತದಲ್ಲ! ಬಾಟಲಿಗೆ ನೀರು ತುಂಬಿಸಿ, ಥ್ಯಾಂಕ್ಸ್ ಅಂದು ಓಟ. ಆ ಹಾದಿಯಲ್ಲಿ ಯಾವ ಮರ ಹೂ ಬಿಟ್ಟಿತ್ತು ಅಂತ ಕೇಳಿದರೆ ನನಗೆ ಗೊತ್ತಿಲ್ಲ. ಕಾಲಿಡುವ ಜಾಗ ಬಿಟ್ಟು ಬೇರೆ ಏನನ್ನೂ ನಾನು ನೋಡಿಲ್ಲ. ತುದಿಯಲ್ಲಿ ಒಂದು ಫೋಟೋ, ಇಳಿಯುವಾಗ ಸ್ಟ್ರಾವಾದಲ್ಲಿ ಯಾರ ಸಮಯ ಮುರಿದೆ ಎಂಬ ಲೆಕ್ಕ. ಹೊರಗಿರುವ ನಾವು ಊರನ್ನು ವ್ಯೂಪಾಯಿಂಟ್ ಮಾಡಿಕೊಂಡಿದ್ದೇವೆ. ಆಮೇಲೆ ಅದರ ಮೇಲೆ ಹಕ್ಕನ್ನೂ ಕೇಳುತ್ತೇವೆ.

ಎರಡನೆಯದು, ಓಡುವವನು ಏನೂ ಹಾಳುಮಾಡುವುದಿಲ್ಲ ಎಂಬ ನಂಬಿಕೆ. ಹುಲ್ಲಿನ ಇಳಿಜಾರಿನಲ್ಲಿ ದಾರಿ ಸುತ್ತಿ ಸುತ್ತಿ ಹೋಗುವುದು ಸುಮ್ಮನೆ ಅಲ್ಲ. ಓಡುವವನು ಆ ಸುತ್ತನ್ನು ಕತ್ತರಿಸಿ ನೇರ ಇಳಿಯುತ್ತಾನೆ, ಇಳಿಯುವಾಗ ಹಿಮ್ಮಡಿ ಊರಿ ಜಾರುತ್ತಾನೆ. ಹಿಂದಿನವನು ಅದೇ ಗೆರೆ ಹಿಡಿಯುತ್ತಾನೆ. ಮಳೆ ಬಂದಾಗ ನೀರಿಗೂ ಆ ಗೆರೆಯೇ ಸಲೀಸು, ಮುಂದಿನ ವರ್ಷ ಅಲ್ಲಿ ಚರಂಡಿ. ಶೇಷಪರ್ವತದ ಕೆಳಗೆ ಇಂಥ ಗೆರೆಗಳನ್ನು ನಾನೇ ತುಳಿದಿದ್ದೇನೆ. ಪ್ಲಾಸ್ಟಿಕ್ ಆದರೆ ಹೆಕ್ಕಬಹುದು, ಕೊಚ್ಚಿಹೋದ ಮಣ್ಣನ್ನು ಯಾರು ವಾಪಸು ತರುತ್ತಾರೆ?

ಮೂರನೆಯದು ಹೇಳಲು ಕಷ್ಟ. 2018ರ ಮಾರ್ಚ್ 11ರಂದು ತೇನಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಒಣಹುಲ್ಲಿಗೆ ಬೆಂಕಿ ಹತ್ತಿ ಚಾರಣಿಗರು ಸಿಕ್ಕಿಹಾಕಿಕೊಂಡರು. ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಬಹಳ ಮಂದಿ ಚೆನ್ನೈನಿಂದ ಹೋದವರು, ಹೆಣ್ಣುಮಕ್ಕಳೇ ಹೆಚ್ಚು. ನಮ್ಮಂತೆಯೇ ವಾರದ ಕೊನೆಗೆ ಬೆಟ್ಟ ಹುಡುಕಿ ಹೋದವರು. ಆ ಸೋಮವಾರ ನಮ್ಮ ರಸ್ತೆಯ ಕ್ಯಾಂಟೀನುಗಳಲ್ಲಿ ಯಾರೂ ಜೋರಾಗಿ ಮಾತಾಡಲಿಲ್ಲ. ಬೇಸಿಗೆಯಲ್ಲಿ ನಮ್ಮ ಪಶ್ಚಿಮ ಘಟ್ಟದ ಹುಲ್ಲೂ ಅಷ್ಟೇ ಒಣಗಿರುತ್ತದೆ. ಬೆಟ್ಟದ ಮೇಲೆ ಈಗ ಎಷ್ಟು ಜನ ಇದ್ದಾರೆ, ಯಾರು ಯಾರು ಅಂತ ಕೆಳಗೆ ಒಂದು ಪಟ್ಟಿ ಇದ್ದರೆ ಹುಡುಕುವವರಿಗೆ ಉಪಯೋಗ. ಬುಕಿಂಗ್ ಅಂದರೆ ಆ ಪಟ್ಟಿಯೂ ಹೌದು. ಅದರಿಂದ ವಿನಾಯ್ತಿ ಕೇಳುವವನು ಪಟ್ಟಿಯಲ್ಲಿ ತನ್ನ ಹೆಸರು ಬೇಡ ಅನ್ನುತ್ತಿದ್ದಾನೆ, ಅಷ್ಟೆ.

ಓಟಗಾರನಿಗಂತೂ ಇದು ಹೆಚ್ಚು ಬೇಕು. ಚಾರಣಿಗನ ಬೆನ್ನಲ್ಲಿ ಜಾಕೆಟ್ಟು, ಟಾರ್ಚು, ಊಟ ಇರುತ್ತದೆ. ನಮ್ಮ ಬೆನ್ನಲ್ಲಿ ಅರ್ಧ ಲೀಟರ್ ನೀರು, ಎರಡು ಖರ್ಜೂರ. 2021ರ ಮೇ 22ರಂದು ಚೀನಾದ ಗಾನ್ಸು ಪ್ರಾಂತ್ಯದಲ್ಲಿ ನೂರು ಕಿಲೋಮೀಟರಿನ ಬೆಟ್ಟದ ಓಟ ನಡೆಯುತ್ತಿತ್ತು. ಮಧ್ಯಾಹ್ನ ಇದ್ದಕ್ಕಿದ್ದಂತೆ ಕೊರೆಯುವ ಗಾಳಿ, ಆಲಿಕಲ್ಲು ಮಳೆ. ಚಡ್ಡಿ ಬನಿಯನ್ನಿನಲ್ಲಿದ್ದ 21 ಓಟಗಾರರು ಚಳಿಗೆ ಸತ್ತರು. ಆ ದೇಶದ ಹೆಸರಾಂತ ಓಟಗಾರನೂ ಅವರಲ್ಲಿದ್ದ. ಆರು ಜನರನ್ನು ಉಳಿಸಿದವನು ಆ ಬೆಟ್ಟದಲ್ಲಿ ಕುರಿ ಮೇಯಿಸುತ್ತಿದ್ದ ಒಬ್ಬ ಕುರುಬ. ಮಳೆಗೆ ಗುಹೆ ಹೊಕ್ಕಿದ್ದ ಅವನು ಓಟಗಾರರನ್ನೂ ಒಳಗೆ ಕರೆತಂದು ಬೆಂಕಿ ಹಾಕಿ ಕೂರಿಸಿದ. ಗಿರಿಗದ್ದೆಯ ಅನ್ನ ಬೇಡ ಎಂದು ಓಡಿದವನಿಗೆ ಈ ಸುದ್ದಿ ಓದಿದಾಗ ಏನೆನಿಸಿತು ಅಂತ ಬೇರೆ ಹೇಳಬೇಕಾಗಿಲ್ಲ.

ಚೆನ್ನೈ ಕಡೆಯಿಂದ ಬೆಟ್ಟದ ತುದಿ ಹುಡುಕಿ ಹೊರಟವರಲ್ಲಿ ನಾವೇ ಮೊದಲಿಗರಲ್ಲ. 1802ರಲ್ಲಿ ವಿಲಿಯಂ ಲ್ಯಾಂಬ್ಟನ್ ಎಂಬ ಸೈನ್ಯಾಧಿಕಾರಿ ಇಲ್ಲೇ ಪರಂಗಿಮಲೆಯಿಂದ ದಕ್ಷಿಣಕ್ಕೆ ಏಳೂವರೆ ಮೈಲಿ ಉದ್ದದ ಗೆರೆಯನ್ನು ಸರಪಳಿ ಹಿಡಿದು ಅಳೆದ. ಐವತ್ತೇಳು ದಿನ ಹಿಡಿಯಿತು. ಆಮೇಲೆ 1804ರಲ್ಲಿ ಬೆಂಗಳೂರಿನ ಹತ್ತಿರ ಇನ್ನೊಂದು ಗೆರೆ, ಅಲ್ಲಿಂದ ತುದಿಯಿಂದ ತುದಿಗೆ ನೋಟ ಹಾಯಿಸುತ್ತ ಮಂಗಳೂರಿನ ತನಕ. ನಾನೂರು ಮೈಲಿ ಎಂದುಕೊಂಡಿದ್ದ ಮದ್ರಾಸು-ಮಂಗಳೂರಿನ ನಡುವಿನ ಅಂತರ ಮುನ್ನೂರ ಅರವತ್ತೇ ಅಂತ ತೋರಿಸಿದ. ಅವನ ಹತ್ತಿರ ಇದ್ದ ಥಿಯೋಡಲೈಟ್ ಅರ್ಧ ಟನ್ ತೂಕ, ಪಾಪ ಓಡಲು ಸಾಧ್ಯವೇ ಇರಲಿಲ್ಲ!

ಇಷ್ಟೆಲ್ಲ ಹೇಳಿ ಊರಲ್ಲಿರುವ ನಿಮ್ಮನ್ನು ಬಿಟ್ಟರೆ ತಪ್ಪಾದೀತು. ‘ಹೊರಗಿನವರು ಬಂದು ಹಾಳು ಮಾಡಿದರು’ ಅಂತ ಬರೆಯುವವರಿಗೆ ಒಂದು ಪ್ರಶ್ನೆ. ಬೆಟ್ಟದ ಬುಡದಲ್ಲಿ ಹೋಂಸ್ಟೇ ಕಟ್ಟಿ, ಜೀಪು ಇಟ್ಟು, ಒಂದು ವೀಕೆಂಡಿಗೆ ಎಷ್ಟು ತಲೆ ಬಂತು ಅಂತ ಎಣಿಸಿದವರು ಯಾರು? 2024ರ ಆ ಸಾಲಿನಲ್ಲಿ ನಿಂತಿದ್ದವರೇನು ಬರೀ ಚೆನ್ನೈಯವರೇ?

ಸುಳ್ಯದವನ ಹತ್ತಿರ ಒಂದು ಉತ್ತರ ಇದೆ, ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ‘ರಸ್ತೆ ಅಗಲ ಮಾಡುವವರಿಗೆ, ರೆಸಾರ್ಟು ಕಟ್ಟುವವರಿಗೆ ಯಾವ ಮಿತಿಯೂ ಇಲ್ಲ, ಎರಡು ಕಾಲಿನವನಿಗೆ ಮಾತ್ರ ಮಿತಿ’ ಅನ್ನುತ್ತಾನೆ. ನಿಜ. ಆದರೆ ನಾವು ದಿನವಿಡೀ ಕೂರುವ ಜಾಗ ಯಾವುದು? ಪಳ್ಳಿಕರಣೈ ಜೌಗನ್ನು 2022ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿಸಿದರು. ಅದು ಹಿಂದೆ ಇದಕ್ಕಿಂತ ಹಲವು ಪಟ್ಟು ದೊಡ್ಡದಿತ್ತು. ಅದರ ಅಂಚನ್ನು ತುಂಬಿಸಿ ತುಂಬಿಸಿ ಆಫೀಸು, ಅಪಾರ್ಟ್‌ಮೆಂಟು ಎದ್ದವು, ಊರಿನ ಕಸವೂ ಅಲ್ಲಿಗೇ ಬಂತು. 2015ರ ಡಿಸೆಂಬರಿನಲ್ಲೂ 2023ರ ಡಿಸೆಂಬರಿನಲ್ಲೂ ನೀರು ತನ್ನ ಹಳೆ ಜಾಗ ಹುಡುಕಿಕೊಂಡು ನಮ್ಮ ಬೀದಿಗಳಿಗೆ ಬಂತು. ಅಲ್ಲಿ ಫ್ಲೆಮಿಂಗೋಗಳು ಇಳಿಯುತ್ತವೆ. ಮೂಗು ಮುಚ್ಚಿಕೊಂಡು ಅವುಗಳ ಪಕ್ಕವೇ ಓಡಿ ಬಂದು, ಪ್ರಕೃತಿ ನೋಡಲು ಕುಕ್ಕೆಗೆ ಬಸ್ ಬುಕ್ ಮಾಡುತ್ತೇವೆ.

ಓಡಬೇಡಿ ಅನ್ನುತ್ತಿಲ್ಲ ಮಾರಾಯ್ರೆ, ನನ್ನಿಂದಲೂ ಆಗುವುದಿಲ್ಲ. ಸಮಯ ಮುರಿಯಲೇಬೇಕೆಂದರೆ ಚಿಕ್ಕಮಗಳೂರು ಕಡೆಯ ಕಾಫಿ ತೋಟಗಳಲ್ಲಿ ಮಲ್ನಾಡ್ ಅಲ್ಟ್ರಾ ನಡೆಯುತ್ತದೆ. ಐವತ್ತು ಕಿಲೋಮೀಟರ್, ನೂರು ಕಿಲೋಮೀಟರ್, ಎಷ್ಟು ಬೇಕಾದರೂ ಓಡಿ. ಹಾದಿ ಜೀಪು ಓಡಾಡುವಷ್ಟು ಗಟ್ಟಿ, ಯಾರು ಎಲ್ಲಿದ್ದಾರೆಂದು ನೋಡಿಕೊಳ್ಳುವವರೂ ಇರುತ್ತಾರೆ. ಕುಮಾರಪರ್ವತಕ್ಕೆ ಈ ಸಲ ನಾನು ಎರಡು ಟಿಕೆಟ್ ತೆಗೆದಿದ್ದೇನೆ, ಒಂದು ನನಗೆ, ಒಂದು ಮಗಳಿಗೆ. ಅವಳಿಗೆ ಹದಿನಾಲ್ಕು, ದಾರಿಯಲ್ಲಿ ಪ್ರತಿ ಹುಳವನ್ನೂ ನಿಂತು ನೋಡುವ ಅಭ್ಯಾಸ. ಸಂಜೆಯೊಳಗೆ ಇಳಿಯಬೇಕು, ಹಾಗಾಗಿ ತುದಿ ತಲುಪುವುದು ಅನುಮಾನ. ಊಟಕ್ಕೆ ಗಿರಿಗದ್ದೆಗೆ ಮೊದಲೇ ಫೋನ್ ಮಾಡಿ ಹೇಳಿದ್ದೇನೆ.