ಕಾದಂಬರಿ ಮತ್ತು ಗಣಕಯಂತ್ರ

ನಮ್ಮ ಕಾಲೇಜಿನಲ್ಲಿ ಕವಿತೆ ಬರೆಯುವವರಿಗೆ ಕೊರತೆಯಿಲ್ಲ. ಕಾದಂಬರಿಗೆ ಕೈ ಹಾಕುವವರು ಮಾತ್ರ ವಿರಳ. ಕಾರಣ ಕೇಳಿದರೆ, "ಅಷ್ಟು ದೊಡ್ಡ ಕಥೆಯನ್ನು ನೆನಪಿನಲ್ಲಿ ಹಿಡಿದಿಡುವುದು ಹೇಗೆ?" ಎನ್ನುತ್ತಾರೆ.

ಈ ತೊಡಕಿಗೆಂದೇ ಈಗ ವಿಶೇಷ ತಂತ್ರಾಂಶಗಳು ಬಂದಿವೆ. ಕೀತ್ ಬ್ಲೌಂಟ್ ಎಂಬವರು ರೂಪಿಸಿ 2007ರಲ್ಲಿ ಹೊರತಂದ 'ಸ್ಕ್ರಿವನರ್' ಅವುಗಳಲ್ಲಿ ಹೆಸರಾದದ್ದು. ಸೈಮನ್ ಹೇನ್ಸ್ ಎಂಬ ಕಾದಂಬರಿಕಾರರ 'ವೈರೈಟರ್' ಬಿಟ್ಟಿಯಾಗಿಯೇ ದೊರೆಯುತ್ತದೆ. ಇವುಗಳಲ್ಲಿ ಪ್ರಕರಣಗಳನ್ನು ಬಿಡಿಬಿಡಿಯಾಗಿ ಬರೆದು ಬೇಕಾದಂತೆ ಹಿಂದುಮುಂದು ಮಾಡಬಹುದು. ಪಾತ್ರಕ್ಕೊಂದು, ಊರಿಗೊಂದು ಚೀಟಿ ಬರೆದಿಡಬಹುದು.

ಇಂಥ ಸಾಧನದ ಪ್ರಯೋಜನ ನಮ್ಮ ಜಿಲ್ಲೆಯವರಿಗೆ ಹೆಚ್ಚೆಂದೇ ನನ್ನ ಅಭಿಪ್ರಾಯ. ಆಲಮಟ್ಟಿ ಅಣೆಕಟ್ಟಿಗೆ 1964ರಲ್ಲಿ ಅಡಿಗಲ್ಲು ಬಿತ್ತು. ಮುಂದೆ ಅದರ ಹಿನ್ನೀರಿನಲ್ಲಿ ಹಳೆಯ ಬಾಗಲಕೋಟೆಯ ಎಷ್ಟೋ ಓಣಿಗಳು ಮುಳುಗಿ, ಜನ ನವನಗರಕ್ಕೆ ಬಂದು ನೆಲೆಸಿದರು. ಇದಕ್ಕಿಂತ ದೊಡ್ಡ ಕಥಾವಸ್ತು ಬೇಕೆ? ಅಡಿಗಲ್ಲಿನ ವರ್ಷ ಹತ್ತು ವಯಸ್ಸಿನ ಹುಡುಗಿ 2024ರಲ್ಲಿ ಎಪ್ಪತ್ತರ ಅಜ್ಜಿ. ಆಕೆಯ ತಂಗಿಯನ್ನು ಇಳಕಲ್ಲಿನ ನೇಕಾರರ ಮನೆಗೆ ಕೊಟ್ಟಿದೆ. ಮಗ ಹುನಗುಂದದಲ್ಲಿ ಮಾಸ್ತರ. ಮೊಮ್ಮಗ ಬಾದಾಮಿಯ ಗವಿಗಳನ್ನು ತೋರಿಸುವ ಗೈಡು ಎಂದು ಕಲ್ಪಿಸಿರಿ. ನಾಲ್ಕು ಊರು, ಮೂರು ತಲೆಮಾರು, ಅರವತ್ತು ವರ್ಷ! ಯಾರ ವಯಸ್ಸು ಎಲ್ಲಿ ತಪ್ಪಿತು, ಯಾವ ಮನೆ ಮೊದಲು ತೆರವಾಯಿತು ಎಂಬುದು ಚೀಟಿಯಲ್ಲಿ ಕಣ್ಣೆದುರಿಗಿದ್ದರೆ ಬರೆಯುವವರ ಹೊರೆ ಹಗುರಾಗದೆ?

ಕನ್ನಡದಲ್ಲಿ ಬರೆಯುವವರಿಗೆ ಒಂದು ಎಚ್ಚರಿಕೆ. 'ನುಡಿ'ಯ ಹಳೆಯ ಅಕ್ಷರಶೈಲಿಯಲ್ಲಿ ಬೆರಳಚ್ಚು ಮಾಡಿದ್ದು, ಆ ಅಕ್ಷರಶೈಲಿ ಇಲ್ಲದ ಕಡೆ ಇಂಗ್ಲಿಷ್ ಅಕ್ಷರಗಳ ಕಲಬೆರಕೆಯಾಗಿ ಕಾಣುತ್ತದೆ. ಆದ್ದರಿಂದ ಮೊದಲಿನಿಂದಲೇ ಯುನಿಕೋಡಿನಲ್ಲಿ ಬರೆಯುವುದು ಲೇಸು.

ಹಿರಿಯರು ಕೇಳಬಹುದು: 1957ರ 'ಗ್ರಾಮಾಯಣ'ವನ್ನು ರಾವಬಹಾದ್ದೂರರೂ, 1967ರ 'ಮಲೆಗಳಲ್ಲಿ ಮದುಮಗಳು' ಕೃತಿಯನ್ನು ಕುವೆಂಪು ಅವರೂ ಯಾವ ಗಣಕಯಂತ್ರದಿಂದ ಬರೆದರು? ನ್ಯಾಯವಾದ ಪ್ರಶ್ನೆ. ಯಂತ್ರವಿಲ್ಲದೆ ಬರೆಯಲಾಗದೆನ್ನುವವರಿಗೆ 'ಕುಣಿಯಲಾರದವಳು ನೆಲ ಡೊಂಕೆಂದಳು' ಎಂಬ ಗಾದೆಯೇ ಸಾಕು. ಇಳಕಲ್ ಸೀರೆಯ ಒಡಲಿನ ಎಳೆಗಳಿಗೂ ಸೆರಗಿನ ಎಳೆಗಳಿಗೂ ನೇಕಾರರು ಕೈಯಿಂದಲೇ ಕೊಂಡಿ ಹಾಕುತ್ತಾರೆ. ಮಗ್ಗ ಎಳೆಗಳನ್ನು ಹಿಡಿದಿರುತ್ತದೆ, ಅಷ್ಟೆ. ಪ್ರಕರಣ ಪ್ರಕರಣಗಳ ನಡುವಣ ಕೊಂಡಿಯೂ ಬರೆಯುವವರ ಕೈಗೆಲಸವೇ.

ಅದಕ್ಕಿಂತ ಮುಖ್ಯವಾದ ಮಾತೊಂದಿದೆ. ಚೀಟಿ ಬರೆಯಲು ಮೊದಲು ಸಾಮಗ್ರಿ ಬೇಕು. ಮುಳುಗಿದ ಓಣಿಯಲ್ಲಿ ಯಾರ ಮನೆ ಎಲ್ಲಿತ್ತು, ಮನೆ ಬಿಡುವ ದಿನ ಯಾರು ಏನನ್ನು ಕಟ್ಟಿಕೊಂಡು ಹೊರಟರು ಎಂಬುದನ್ನು ಬಲ್ಲವರು ವರ್ಷವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಅವರ ಮಾತನ್ನು ಯಾವ ತಂತ್ರಾಂಶವೂ ತಾನಾಗಿ ಕೂಡಿಸಿಕೊಡದು. ಅವರೊಡನೆ ಆ ಕಥೆಯೂ ಹೋದರೆ ನಮ್ಮ ಊರು ಎರಡನೆಯ ಸಲ ಮುಳುಗಿದಂತೆಯೇ ಸರಿ.

ಆದುದರಿಂದ ಮಿತ್ರರೇ, ಬರುವ ರಜೆಯಲ್ಲಿ ಮೊದಲು ನವನಗರದ ಅಜ್ಜ-ಅಜ್ಜಿಯರ ಹತ್ತಿರ ಹೋಗಿ ಕೂಡೋಣ. ಗಣಕಯಂತ್ರವನ್ನು ಆಮೇಲೆ ತೆರೆಯೋಣ.