ಮೇಷ್ಟ್ರಿಗೆ ಇನ್ನೊಂದು ಆಪ್ ಬೇಡ

ಸೆಪ್ಟೆಂಬರ್ 5 ಬಂತೆಂದರೆ ನಮ್ಮೆಲ್ಲರ ವಾಟ್ಸ್ಯಾಪ್ ಸ್ಟೇಟಸ್ ತುಂಬಾ ಮೇಷ್ಟ್ರುಗಳೇ. ಶಾಲೆಗಳಲ್ಲಿ ಶಾಲು, ಹಾರ, ಹಣ್ಣಿನ ಬುಟ್ಟಿ. ತಪ್ಪೇನಿಲ್ಲ ಬಿಡಿ, ಹತ್ತು ದಿನ ಕಳೆದರೆ ನಮ್ಮ ಇಂಜಿನಿಯರ್ಸ್ ಡೇ ಕೂಡ ಬರುತ್ತಲ್ಲ. ಆದರೆ ಹಾರ ಹಾಕಿಸಿಕೊಂಡ ಮೇಷ್ಟ್ರು ಮರುದಿನ ಶಾಲೆಗೆ ಹೋಗಿ ಮೊದಲು ಮಾಡೋ ಕೆಲಸ ಪಾಠವೇ ಅಂತ ನಾವು ಅಂದುಕೊಂಡಿದ್ದರೆ, ನಾವು ಸರ್ಕಾರಿ ಶಾಲೆ ಬಿಟ್ಟು ಬಹಳ ವರ್ಷ ಆಗಿದೆ ಅಂತ ಅರ್ಥ.

ಶಿಕ್ಷಕರ ನೆಮ್ಮದಿ ಅಂದ ಕೂಡಲೇ ಯೋಗ, ಧ್ಯಾನ, ಒತ್ತಡ ನಿರ್ವಹಣೆಯ ಉಪನ್ಯಾಸ ಅಂತ ಶುರುವಾಗುತ್ತೆ. ಒತ್ತಡ ಬರ್ತಿರೋದು ಎಲ್ಲಿಂದ ಅಂತ ನೋಡದೆ ಉಸಿರಾಟ ಹೇಳಿಕೊಟ್ಟರೆ ಏನು ಬಂತು?

ಮೊಟ್ಟೆಯನ್ನೇ ತಗೊಳ್ಳಿ. ಮಕ್ಕಳಿಗೆ ಮೊಟ್ಟೆ ಕೊಡೋದು ಒಳ್ಳೆಯ ಕೆಲಸ, ಅದರಲ್ಲಿ ಎರಡು ಮಾತಿಲ್ಲ. 2024ರಲ್ಲಿ ಅದು ವಾರಕ್ಕೆ ಆರು ದಿನ ಆಯ್ತು. ಒಂದು ಮೊಟ್ಟೆಗೆ ನಿಗದಿಯಾದದ್ದು 6 ರೂಪಾಯಿ. ಕೊಳ್ಳೋದು, ಬೇಯಿಸೋ ಗ್ಯಾಸು, ಸಿಪ್ಪೆ ಸುಲಿಯೋ ಕೂಲಿ ಎಲ್ಲವೂ ಅದರಲ್ಲೇ. ಅಂಗಡಿಯಲ್ಲೇ ಮೊಟ್ಟೆ ಏಳು ರೂಪಾಯಿ ಆದ ದಿನ? ಉಳಿದದ್ದು ಮುಖ್ಯ ಶಿಕ್ಷಕರ ಜೇಬಿನಿಂದ. ನೂರು ಮಕ್ಕಳಿದ್ದರೆ ದಿನಕ್ಕೆ ನೂರು ರೂಪಾಯಿಗೂ ಮೇಲೆ. ಒಡೆದು ಹೋದವಕ್ಕೆ ಲೆಕ್ಕ ಬೇರೆ, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣೋ ಚಿಕ್ಕಿಯೋ ಕೊಟ್ಟದ್ದಕ್ಕೆ ಲೆಕ್ಕ ಬೇರೆ. ಇನ್ನು ಅಷ್ಟನ್ನೂ ಬೇಯಿಸಿ ಸುಲಿಯೋ ಬಿಸಿಯೂಟದ ಅಡುಗೆಯಮ್ಮಂದಿರ ಪಾಡು. ಅವರಿಗೆ ಕೇಂದ್ರದ ಯೋಜನೆಯಲ್ಲಿ 2009ರಲ್ಲಿ ಗೊತ್ತುಮಾಡಿದ ಮೊತ್ತ ತಿಂಗಳಿಗೆ 1,000 ರೂಪಾಯಿ, ಅದೂ ವರ್ಷದಲ್ಲಿ ಹತ್ತೇ ತಿಂಗಳು. ಅದರ ಮೇಲೆ ರಾಜ್ಯ ಸರ್ಕಾರ ಒಂದಿಷ್ಟು ಸೇರಿಸಿ ಕೊಡುತ್ತೆ. ಸಂಬಳ ಅನ್ನೋಕೆ ನಾಚಿಕೆಯಾಗಿ ಗೌರವಧನ ಅಂತಾರೇನೋ.

ಹೊಟ್ಟೆಯ ಲೆಕ್ಕ ಮುಗೀತು ಅಂದ್ರೆ ಡೇಟಾ ಲೆಕ್ಕ. ಒಂದೇ ಮಗುವಿನ ವಿವರ ರಾಜ್ಯದ ಎಸ್‌ಎಟಿಎಸ್‌ನಲ್ಲೂ ಇರಬೇಕು, ಕೇಂದ್ರದ ಯುಡೈಸ್ ಪ್ಲಸ್‌ನಲ್ಲೂ ಇರಬೇಕು. ಈಗ ಅಪಾರ್ ಐಡಿ ಬೇರೆ. ಶಾಲಾ ದಾಖಲೆಯಲ್ಲಿ 'ಮಂಜುನಾಥ ಎಚ್.', ಆಧಾರ್‌ನಲ್ಲಿ 'ಮಂಜುನಾಥ ಹನುಮಂತಪ್ಪ'. ಮುಗೀತು ಕಥೆ, ಹೆಸರು ಹೊಂದೋದಿಲ್ಲ. ಅಪ್ಪನನ್ನು ಕರೆಸಿ, ಆಧಾರ್ ಕೇಂದ್ರಕ್ಕೆ ಕಳಿಸಿ, ಮತ್ತೆ ಎಂಟ್ರಿ ಮಾಡಿ. ಹೈಸ್ಕೂಲಿನಲ್ಲಾದರೆ ಗುಮಾಸ್ತರ ಹುದ್ದೆ ಅಂತ ಒಂದಿರುತ್ತೆ. ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ ಅದೂ ಇಲ್ಲ. ಇಬ್ಬರೇ ಶಿಕ್ಷಕರಿರೋ ಕಡೆ ಒಬ್ಬರು ಮೊಬೈಲ್ ಹಿಡಿದು ಕೂತರೆ ಐದೂ ತರಗತಿ ಇನ್ನೊಬ್ಬರ ತಲೆಗೆ.

2025ರ ದಸರಾ ರಜೆ ನೆನಪಿರಬಹುದು. ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರನ್ನು ಮನೆ ಮನೆಗೆ ಕಳಿಸಿದರು. ಅವಧಿಯೊಳಗೆ ಮುಗಿಯಲಿಲ್ಲ ಅಂತ ಶಾಲೆಗಳ ರಜೆಯನ್ನೇ ಅಕ್ಟೋಬರ್ 18ರವರೆಗೆ ಎಳೆದರು. ಸಮೀಕ್ಷೆ ಬೇಕೋ ಬೇಡವೋ ಅನ್ನೋದು ಬೇರೆ ಚರ್ಚೆ, ಅದಕ್ಕೆ ನಾವಿಲ್ಲಿ ಕೈ ಹಾಕಲ್ಲ. ನಾವು ನೋಡಬೇಕಾದ್ದು ಆ ಆಪನ್ನ. ಕರೆಂಟ್ ಮೀಟರ್ ಆಧಾರದ ಮೇಲೆ ಮಾಡಿದ ಮನೆ ಪಟ್ಟಿ, ಅರವತ್ತು ಪ್ರಶ್ನೆ, ಓಟಿಪಿ. ಲೊಕೇಶನ್ ತೋರಿಸೋದು ಒಂದು ಕಡೆ, ಮನೆ ಇರೋದು ಇನ್ನೊಂದು ಕಡೆ. ಸರ್ವರ್ ಕೈಕೊಟ್ಟ ಸುದ್ದಿ ಶುರುವಿನ ದಿನಗಳಲ್ಲಿ ಪೇಪರ್ ತುಂಬಾ ಇತ್ತು. ಬಿಸಿಲಲ್ಲಿ ಯಾರದೋ ಜಗಲಿ ಮೇಲೆ ನಿಂತು ಬಾರದ ಓಟಿಪಿಗೆ ಕಾದವರು, ಮನೆಯವರ ಮಾತು ಕೇಳಿಸಿಕೊಂಡವರು ಶಿಕ್ಷಕರು. ಆಪ್ ಬರೆದವರಲ್ಲ.

ಅಂದಹಾಗೆ 2009ರ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ಸ್ಪಷ್ಟವಾಗೇ ಇದೆ. ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಯಾವ ಶೈಕ್ಷಣಿಕವಲ್ಲದ ಕೆಲಸಕ್ಕೂ ಶಿಕ್ಷಕರನ್ನು ನಿಯೋಜಿಸೋ ಹಾಗಿಲ್ಲ.

ಕಾಯ್ದೆ ಪಾಲಿಸೋದು ಸರ್ಕಾರದ ಕೆಲಸ. ಆದರೆ ಇನ್ನು ಎರಡು ಮೂರು ವರ್ಷದಲ್ಲಿ ಇಂಥ ಆಪ್‌ಗಳಿಗೆ ಕೋಡ್ ಬರೆಯೋರು ನಾವೇ ತಾನೆ? ಹ್ಯಾಕಥಾನ್‌ಗಳಲ್ಲಿ ಶಿಕ್ಷಣದ ವಿಷಯ ಕೊಟ್ಟರೆ ಬರೋ ಐಡಿಯಾ ನೋಡಿ: ಮುಖ ಗುರುತಿಸಿ ಹಾಜರಿ, ಊಟದ ಫೋಟೋ ಅಪ್‌ಲೋಡ್, ಶಿಕ್ಷಕರ ಮೇಲೆ ಕಣ್ಣಿಡೋ ಡ್ಯಾಶ್‌ಬೋರ್ಡ್. ಎಲ್ಲವೂ ಮೇಲೆ ಕೂತ ಅಧಿಕಾರಿಗೆ ಅನುಕೂಲ. ಕೆಳಗೆ ಟೈಪ್ ಮಾಡೋರಿಗೆ ಎಷ್ಟು ನಿಮಿಷ ಹಿಡಿಯುತ್ತೆ ಅಂತ ತೀರ್ಪುಗಾರರೂ ಕೇಳಲ್ಲ. ನೆಟ್‌ವರ್ಕ್ ಇಲ್ಲದಾಗ ಫೋನಿನಲ್ಲೇ ಉಳಿಸಿ, ಬಂದಾಗ ಸಿಂಕ್ ಮಾಡೋದು ರಾಕೆಟ್ ವಿಜ್ಞಾನವಲ್ಲ, ನಮ್ಮ ಮಿನಿ ಪ್ರಾಜೆಕ್ಟ್ ಮಟ್ಟದ್ದು. ಒಮ್ಮೆ ತುಂಬಿದ ವಿವರ ಎರಡೂ ಪೋರ್ಟಲ್‌ಗೆ ತಾನಾಗೇ ಹೋಗೋ ಹಾಗೆ ಮಾಡೋದು ಇನ್ನಷ್ಟು ಕಷ್ಟ, ಯಾಕಂದ್ರೆ ಅಲ್ಲಿ ತೊಡಕು ಕೋಡಿನದಲ್ಲ, ಎರಡು ಇಲಾಖೆಗಳದು.

ಸದ್ಯಕ್ಕೆ ನಮ್ಮ ಕೈಲಾಗೋದು ಇಷ್ಟು. ಫೈನಲ್ ಇಯರ್ ಪ್ರಾಜೆಕ್ಟಿಗೆ ಶಾಲೆಯ ವಿಷಯ ಆಯ್ಕೆ ಮಾಡೋರು ಸಿನಾಪ್ಸಿಸ್ ಬರೆಯೋ ಮೊದಲು ಹತ್ತಿರದ ಸರ್ಕಾರಿ ಶಾಲೆಗೆ ಹೋಗಿ, ಒಂದು ಇಡೀ ದಿನ ಮುಖ್ಯ ಶಿಕ್ಷಕರ ಪಕ್ಕ ಕೂತು ಬರಲಿ. ಅವರು ಎಷ್ಟು ರಿಜಿಸ್ಟರ್ ತೆರೆದರು, ಒಂದೇ ಸಂಖ್ಯೆಯನ್ನು ಎಷ್ಟು ಕಡೆ ಬರೆದರು ಅಂತ ಎಣಿಸಲಿ. ಆ ಎಣಿಕೆಯಲ್ಲಿ ಒಂದನ್ನಾದರೂ ಕಡಿಮೆ ಮಾಡದ ಪ್ರಾಜೆಕ್ಟನ್ನು ನಮ್ಮ ಗೈಡ್‌ಗಳು ಒಪ್ಪದಿದ್ದರೆ ಇನ್ನೂ ಒಳ್ಳೇದು.